ಒಳ್ಳೆಯ ಕೆಲಸಗಳ ನಡುವೆ ಮೊದಲ ಕೆಲಸ

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ತೆರೆಯಿರಿ. ಸಬ್ಬತ್ ದಿನದ ಸಂಜೆ ಕಪೆರ್ನೌಮಿನ ಜನ ಊರಿಗೆ ಊರೇ ಸೀಮೋನನ ಮನೆ ಬಾಗಿಲಲ್ಲಿ ಸೇರಿದ್ದಾರೆ. ಯೇಸುಸ್ವಾಮಿ ಅನೇಕ ರೋಗಿಗಳನ್ನು ಗುಣಪಡಿಸುತ್ತಾರೆ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಕಡೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. ಸೀಮೋನನೂ ಅವನ ಸಂಗಡಿಗರೂ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಕೇಳುತ್ತಿದ್ದಾರೆ ಅನ್ನುತ್ತಾರೆ. ಆ ಬಾಗಿಲಲ್ಲಿ ಇನ್ನೂ ರೋಗಿಗಳು ಕಾಯುತ್ತಿದ್ದಿರಬೇಕು. ಆದರೂ ಯೇಸುಸ್ವಾಮಿ ಹಿಂದಿರುಗಲಿಲ್ಲ. ಪಕ್ಕದ ಊರುಗಳಿಗೆ ಹೋಗೋಣ, ಅಲ್ಲಿಯೂ ಸಾರಬೇಕು, ನಾನು ಹೊರಟು ಬಂದಿರುವುದು ಅದಕ್ಕೇ ಎಂದರು.

ಈ ಮಾತು ನಮಗೆ ಕಷ್ಟವಾಗಬೇಕು. ಕೆಟ್ಟ ಕೆಲಸಕ್ಕೆ ಇಲ್ಲ ಅನ್ನುವುದನ್ನು ನಮ್ಮ ಕ್ರೈಸ್ತ ಸಭೆಗಳು ಕಲಿತಿವೆ. ಒಳ್ಳೆಯ ಕೆಲಸಕ್ಕೆ, ಅದರಲ್ಲೂ ಜನ ಬಾಗಿಲಿಗೆ ಬಂದು ಕೇಳುವ ಕೆಲಸಕ್ಕೆ, ಇದು ನನ್ನದಲ್ಲ ಅನ್ನುವುದನ್ನು ಕಲಿತಿಲ್ಲ. ಸಭೆಯೊಂದು ತನ್ನ ಮೊದಲ ಕೆಲಸ ಬಿಡುವುದು ಪಾಪದಲ್ಲಿ ಬಿದ್ದೇ ಆಗಬೇಕೆಂದಿಲ್ಲ. ಶಾಲೆ, ಸಭಾಂಗಣ, ವಾರ್ಷಿಕೋತ್ಸವ, ಕಾಂಪೌಂಡ್ ಗೋಡೆ, ಕೋರ್ಟಿನ ಕೇಸು ಒಂದೊಂದೂ ನ್ಯಾಯವಾಗಿಯೇ ಬರುತ್ತದೆ. ಹತ್ತು ವರ್ಷವಾದ ಮೇಲೆ ನೋಡಿದರೆ ಸಭಾಪಾಲಕರಾದ ಅಯ್ಯನವರಿಗೆ ದೇವರ ವಾಕ್ಯ ಓದಲು ಪುರಸೊತ್ತಿಲ್ಲ, ಸಭೆಯ ಆಡಳಿತ ನೋಡುವ ಕಮಿಟಿಗೆ ಸಭಿಕರ ಹೆಸರು ಗೊತ್ತಿಲ್ಲ.

ಮೊದಲ ಕೆಲಸ ಅಂದರೆ ಯಾವುದು? ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಅದು ಇದೆ: ಹೋಗಿ ಜನರನ್ನು ಶಿಷ್ಯರನ್ನಾಗಿ ಮಾಡುವುದು, ದೀಕ್ಷಾಸ್ನಾನ ಕೊಡುವುದು, ಕಲಿಸುವುದು. ಇದಕ್ಕೆ ಲೂಕನ ನಾಲ್ಕನೆಯ ಅಧ್ಯಾಯವನ್ನು ಸೇರಿಸಿಕೊಳ್ಳಿ: ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ. ವಾಕ್ಯ ಸಾರುವುದು, ಆರಾಧನೆ, ಸಂಸ್ಕಾರಗಳು, ಮನುಷ್ಯರನ್ನು ಶಿಷ್ಯತ್ವದಲ್ಲಿ ಬೆಳೆಸುವುದು, ಬಡವರ ಜತೆ ನಿಲ್ಲುವುದು. ಇಷ್ಟರ ಆಚೆ ಇರುವುದೆಲ್ಲ ಇದಕ್ಕೆ ಒತ್ತಾಸೆಯಾಗಿ ಇದ್ದರೆ ಇರಲಿ.

ಬಡವರನ್ನು ನಾನು ಬೇಕೆಂದೇ ಸೇರಿಸಿದೆ. ‘ಸಭೆಯ ಮುಖ್ಯ ಕೆಲಸ ಆತ್ಮಿಕವಾದದ್ದು’ ಅಂದುಕೊಂಡು ವಿಧವೆಯರ ಸಹಾಯನಿಧಿಗೆ ಮೊದಲು ಕತ್ತರಿ ಹಾಕುವ ಕಮಿಟಿಗಳಿವೆ. ಶಾಮಿಯಾನದ ಖರ್ಚು ಮಾತ್ರ ಹಾಗೇ ಉಳಿಯುತ್ತದೆ. ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರು ಆ ದಾರಿ ಹಿಡಿಯಲಿಲ್ಲ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ನಿಮಗೆಲ್ಲ ಗೊತ್ತು. ಅದನ್ನು ಆಡಳಿತದ ಪಾಠವಾಗಿ ಒಮ್ಮೆ ನಿಧಾನವಾಗಿ ಓದೋಣ. ಯೆರೂಸಲೇಮಿನ ಸಭೆ ಬೆಳೆಯುತ್ತಿದೆ. ದಿನದಿನದ ಉಪಚಾರದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವ ಯೆಹೂದ್ಯರು ಗೊಣಗಿದರು. ದೂರು ನಿಜವಾದದ್ದು. ಅದರ ಒಳಗೆ ಭಾಷೆಯ ಜಗಳವೂ ಇದೆ. ಹನ್ನೆರಡು ಮಂದಿ ಅಪೊಸ್ತಲರು ಇಡೀ ಸಭೆಯನ್ನು ಕರೆದರು. ವಾಕ್ಯವನ್ನು ಬಿಟ್ಟು ಪಂಕ್ತಿಯ ಮೇಲ್ವಿಚಾರಣೆಗೆ ಇಳಿಯುವುದು ನಮಗೆ ತಕ್ಕದ್ದಲ್ಲ ಎಂದರು. ವಿಧವೆಯರ ಊಟ ನಮ್ಮ ಕೆಲಸವಲ್ಲ ಎಂದು ಅವರು ಹೇಳಲಿಲ್ಲ. ಅದು ಸಭೆಯ ಕೆಲಸವೇ, ಆದ್ದರಿಂದ ಅದಕ್ಕೆಂದೇ ಏಳು ಮಂದಿ ಬೇಕು ಎಂದರು. ಯೋಗ್ಯತೆ ಮೂರು: ಒಳ್ಳೆಯ ಹೆಸರು, ಪವಿತ್ರಾತ್ಮ, ಜ್ಞಾನ. ಆರಿಸಿದವರು ಸಭೆಯವರು, ಕೈಯಿಟ್ಟು ಪ್ರಾರ್ಥಿಸಿ ನೇಮಿಸಿದವರು ಅಪೊಸ್ತಲರು. ಆ ಏಳು ಹೆಸರುಗಳನ್ನು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ಕಡೆಯಿಂದ ದೂರು ಬಂದಿತ್ತೋ ಅವರ ಕಡೆಯವರ ಕೈಗೇ ಹಂಚುವ ಅಧಿಕಾರ ಹೋಯಿತು ಅನ್ನುವುದಕ್ಕೆ ಈ ಹೆಸರುಗಳೇ ಸೂಚನೆ. ಏಳನೆಯ ವಚನದಲ್ಲಿ ಫಲ ಕಾಣುತ್ತದೆ. ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಬೆಳೆಯಿತು.

ಇದನ್ನು ನಮ್ಮಲ್ಲಿ ಅನುಸರಿಸುವಾಗ ಎಲ್ಲಿ ತಪ್ಪುತ್ತದೆ ಅನ್ನುವುದನ್ನೂ ಹೇಳಬೇಕು. ಮೊದಲನೆಯದಾಗಿ, ಕೆಲಸ ಕೊಡುತ್ತೇವೆ, ಅಧಿಕಾರ ಕೊಡುವುದಿಲ್ಲ. ಉಪಸಮಿತಿಯ ಸಂಚಾಲಕರು 800 ರೂಪಾಯಿಯ ನಲ್ಲಿ ರಿಪೇರಿಗೂ ಅಯ್ಯನವರ ಮನೆಯಾದ ಪಾರ್ಸನೇಜಿಗೆ ಫೋನ್ ಮಾಡಬೇಕಾದರೆ ಆ ಕೆಲಸ ಅಯ್ಯನವರ ತಲೆಯಿಂದ ಇಳಿದೇ ಇಲ್ಲ. ಎರಡನೆಯದಾಗಿ, ಆ ಮೂರು ಯೋಗ್ಯತೆ ಬಿಟ್ಟು ನಾಲ್ಕನೆಯದನ್ನು ನೋಡುತ್ತೇವೆ: ಯಾರಲ್ಲಿ ಹಣವಿದೆ, ಯಾರಿಗೆ ತಾಲೂಕು ಆಫೀಸಿನಲ್ಲಿ ಪರಿಚಯವಿದೆ. ಮೂರನೆಯದು ಬೋಧಕರ ಮನಸ್ಸಿನಲ್ಲೇ ಇರುವ ತೊಡಕು. ಪಂಕ್ತಿಯ ಸೇವೆ ಚಿಕ್ಕದು, ಪ್ರಸಂಗಪೀಠ ದೊಡ್ಡದು ಎಂಬ ಭಾವನೆಯಿಂದ ಕೆಲಸ ಹಂಚಿದರೆ ಹಂಚಿಸಿಕೊಂಡವರು ಬೇಗ ಬೇಸರಗೊಳ್ಳುತ್ತಾರೆ. ಆ ಏಳು ಮಂದಿಯಲ್ಲಿ ಸ್ತೆಫನ ಮುಂದಿನ ಅಧ್ಯಾಯದಲ್ಲಿ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಎದುರು ಮಾತಾಡಿದ, ಫಿಲಿಪ್ಪ ಸಮಾರ್ಯದಲ್ಲಿ ಸುವಾರ್ತೆ ಸಾರಿದ. ಅಲ್ಲಿ ಮೇಲು ಕೀಳು ಇರಲಿಲ್ಲ. ಯಾರು ಯಾವುದಕ್ಕೆ ಉತ್ತರ ಕೊಡಬೇಕು ಎಂಬ ಹೊಣೆಯ ಹಂಚಿಕೆ ಇತ್ತು, ಅಷ್ಟೇ.

ವಿಮೋಚನಕಾಂಡ 18ರಲ್ಲಿ ಮೋಶೆಯ ಮಾವ ಇತ್ರೋನ ಹೇಳಿದ್ದೂ ಇದನ್ನೇ. ಬೆಳಗಿನಿಂದ ಸಂಜೆಯ ತನಕ ನೀನೊಬ್ಬನೇ ಕೂತರೆ ನೀನೂ ಬಳಲುವೆ, ಜನರೂ ಬಳಲುವರು. ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಅಧಿಪತಿಗಳನ್ನು ಇಡು. ಅವರು ಸಮರ್ಥರೂ ದೇವಭಕ್ತರೂ ನಂಬಿಗಸ್ತರೂ ಲಂಚ ಮುಟ್ಟದವರೂ ಆಗಿರಬೇಕು. ಆದರೆ ಮೋಶೆ ಏನನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು ಎಂಬುದನ್ನೂ ಇತ್ರೋನ ಹೇಳುತ್ತಾನೆ: ಜನರ ಪರವಾಗಿ ದೇವರ ಮುಂದೆ ನಿಲ್ಲುವುದು, ದೇವರ ವಿಧಿಗಳನ್ನು ಕಲಿಸುವುದು, ಕಠಿಣ ವ್ಯಾಜ್ಯಗಳು. ಕೆಲಸ ಹಂಚುವವರು ಮೊದಲು ಉಳಿಸಿಕೊಳ್ಳುವುದರ ಪಟ್ಟಿ ಬರೆಯಬೇಕು. ಬಿಟ್ಟುಕೊಡುವುದರ ಪಟ್ಟಿ ತಾನಾಗಿ ಬರುತ್ತದೆ.

ಈಗ ನಮ್ಮ ನೆಲದ ಒಂದು ಉದಾಹರಣೆ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಸುವಾರ್ತೆ ಸಾರಲಿಕ್ಕೆ. ಸ್ವಲ್ಪ ಕಾಲದಲ್ಲೇ ಎದುರಿಗೆ ನಿಂತದ್ದು ಅನ್ನದ ಪ್ರಶ್ನೆ. ದೀಕ್ಷಾಸ್ನಾನ ಪಡೆದವರು ಜಾತಿಯಿಂದ, ಕೂಡುಕುಟುಂಬದಿಂದ, ಗೇಣಿಯಿಂದ ಹೊರಬಿದ್ದರು. ಬಿಲ್ಲವ ಸಮುದಾಯದಿಂದ ಬಂದವರ ಶೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪಲಿಲ್ಲ. ಕಸುಬು ಬಿಡಿಸಿದ ಮೇಲೆ ಬೇರೊಂದು ಕಸುಬು ತೋರಿಸದೆ ಇರಲಾಗುತ್ತದೆಯೇ? ಹೀಗೆ ಕೈಕಸುಬುಗಳ ಪ್ರಯೋಗ ಶುರುವಾಯಿತು. ನೇಯ್ಗೆ ನೆಲೆ ನಿಂತಿತು. 1851ರಲ್ಲಿ ಬಂದ ಹಾಲರ್ ಮಗ್ಗ ಮತ್ತು ಬಣ್ಣದ ಕೆಲಸವನ್ನು ಬೆಳೆಸಿದರು, ಖಾಕಿ ಬಣ್ಣದ ಹೆಸರೂ ಅವರ ಜತೆ ಸೇರಿಕೊಂಡಿತು. 1865ರಲ್ಲಿ ಪ್ಲೆಬ್‌ಸ್ಟ್ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಊರೂರಿನ ಮಾಡು ಏರಿತು.

ಇಲ್ಲಿ ಅವರು ಸರಿಯಾಗಿ ಮಾಡಿದ್ದೇನು? ವ್ಯಾಪಾರ ತಿಳಿಯದ ಬೋಧಕರ ಕೈಯಲ್ಲಿ ಅದನ್ನು ಬಿಡಲಿಲ್ಲ. 1859ರಲ್ಲಿ ಮಿಷನ್ನಿನಿಂದ ಬೇರೆಯಾದ ವ್ಯಾಪಾರ ಕಂಪನಿಯನ್ನೇ ಕಟ್ಟಿದರು. ಪಾಲುದಾರರ ಲಾಭಾಂಶಕ್ಕೆ ಮಿತಿ ಇಟ್ಟು ಉಳಿದ ಲಾಭ ಮಿಷನ್ನಿನ ಕೆಲಸಕ್ಕೆ ಹೋಗುವಂತೆ ಮಾಡಿದರು. ಲೆಕ್ಕ ಬೇರೆ, ಆಳುಗಳು ಬೇರೆ, ಹೊಣೆ ಬೇರೆ. ಇಂದಿಗೂ ಎಷ್ಟೋ ಸಭೆಗಳಲ್ಲಿ ಶಾಲೆಯ ಹಣ, ಕಟ್ಟಡ ನಿಧಿ, ಕಾಣಿಕೆ ಎಲ್ಲ ಒಂದೇ ಖಾತೆಯಲ್ಲಿ ಬೆರೆತಿರುವಾಗ ನೂರೈವತ್ತು ವರ್ಷಕ್ಕೂ ಹಿಂದಿನ ಆ ಶಿಸ್ತು ಮೆಚ್ಚತಕ್ಕದ್ದು.

ಎಡವಿದ್ದೂ ಇದೆ. ನೆಲದಲ್ಲಿ, ಕಾರ್ಖಾನೆಯ ಗೇಟಿನ ಹತ್ತಿರ, ಆ ಗೆರೆ ಅಷ್ಟು ಸ್ಪಷ್ಟವಿರಲಿಲ್ಲ. ಕೂಲಿ ಕೊಡುವುದು, ಇರಲು ಜಾಗ ಕೊಡುವುದು, ಸಭಾಶಿಸ್ತು ನೋಡುವುದು ಎಲ್ಲವೂ ಒಂದೇ ಮಿಷನ್ನಿನ ನೆರಳಲ್ಲಿ ನಡೆದಾಗ ವಿಶ್ವಾಸ ಮತ್ತು ಸಂಬಳ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಸಭೆಯ ಸದಸ್ಯ ತಾನೇ ಕಾರ್ಖಾನೆಯ ಆಳೂ ಆದಾಗ ಮೇಲಿನವರನ್ನು ಪ್ರಶ್ನಿಸುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಮೊದಲ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಎಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಉದ್ಯಮ ಕೆಲವೇ ವರ್ಷಗಳಲ್ಲಿ ಬೇರೆಯವರದಾಯಿತು.

ಸಭೆಗಳು ಉಳಿದವು. ಯಾಕೆ ಉಳಿದವು? 1847ರಲ್ಲಿ ಅದೇ ಮಿಷನ್ನಿನ ಮೊಗ್ಲಿಂಗರು ಮಂಗಳೂರಿನಲ್ಲಿ ಸ್ಥಳೀಯ ಉಪದೇಶಿಗಳನ್ನು ತರಬೇತು ಮಾಡುವ ಸೆಮಿನರಿಯನ್ನು ಶುರು ಮಾಡಿದ್ದರು. ಇಂದಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಅದೇ ಪರಂಪರೆಯದು. ಮಿಷನರಿಗಳು ಹೋದ ದಿನ ವಾಕ್ಯ ಹೇಳಲು, ಸತ್ತವರನ್ನು ಮಣ್ಣು ಮಾಡಲು, ಮಕ್ಕಳಿಗೆ ಕಲಿಸಲು ಈ ನೆಲದ ಪಾಸ್ಟರುಗಳು, ಉಪದೇಶಿಗಳು, ಹಿರಿಯರು ಇದ್ದರು. ಕಾರ್ಖಾನೆಗೆ ಹಾಕಿದ ಬಂಡವಾಳದ ಮುಂದೆ ಸೆಮಿನರಿಗೆ ಹಾಕಿದ್ದು ಚಿಕ್ಕದು. ಸಭೆಯನ್ನು ಉಳಿಸಿದ್ದು ಅದು.

ಈ ಮಾತಿನ ನಡುವೆ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಹಾಗಾದರೆ ಮೊಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತೆಗೆದದ್ದು, ಕಿಟ್ಟೆಲರು ದಶಕಗಳ ಕಾಲ ದುಡಿದು 1894ರಲ್ಲಿ ನಿಘಂಟು ಹೊರತಂದದ್ದು ದಾರಿ ತಪ್ಪಿದ್ದೇ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯ ಖಂಡಿತವಾಗಿದೆ: ಅಲ್ಲ. ಜನರ ನುಡಿ ಬಾರದೆ ವಾಕ್ಯ ಹೇಳಲಾಗದು. ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಪ್ಪತ್ತು ವರ್ಷ ಕೂತು ಕನ್ನಡ ಬೈಬಲನ್ನು ಸಿದ್ಧ ಮಾಡಿದರು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಇತ್ತು. ಕನ್ನಡ ಕಲಿಯುವುದು, ಕನ್ನಡದಲ್ಲಿ ಅಚ್ಚು ಹಾಕುವುದು ಮೊದಲ ಕೆಲಸದ ಒಳಗಿನದೇ. ಇಂದು ಕನ್ನಡ ಸಭೆಯ ಮಕ್ಕಳು ಕನ್ನಡ ಬೈಬಲು ಓದಲಾರದೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕೀರ್ತನೆ ಹಾಡುತ್ತಿದ್ದಾರೆ. ಭಾನುವಾರ ಶಾಲೆಯಲ್ಲಿ 15 ನಿಮಿಷ ಕನ್ನಡ ಓದು ಸೇರಿಸುವುದು ನನ್ನ ದೃಷ್ಟಿಯಲ್ಲಿ ಹೊಸ ಕಾಂಪೌಂಡ್ ಗೋಡೆಗಿಂತ ತುರ್ತು.

ಈಗ ನಿಮ್ಮ ನಿಮ್ಮ ಸಭೆಗೆ ಬರೋಣ. ಸಭೆಯ ಗಮನ ಎಲ್ಲಿದೆ ಅನ್ನುವುದನ್ನು ತಿಳಿಯಲು ಧ್ಯೇಯವಾಕ್ಯದ ಬೋರ್ಡು ಓದಬೇಡಿ. ಅಯ್ಯನವರ ದಿನಚರಿ, ಕಮಿಟಿಯ ಅಜೆಂಡಾ, ವರ್ಷದ ಲೆಕ್ಕಪತ್ರ, ಈ ಮೂರನ್ನು ಓದಿ.

ದಿನಚರಿಯಿಂದ ಶುರು ಮಾಡಿ. ಸಭಾಪಾಲಕರು ನಾಲ್ಕು ವಾರ ಒಂದು ನೋಟ್‌ಬುಕ್ಕಿನಲ್ಲಿ ಅರ್ಧ ಅರ್ಧ ಗಂಟೆಯ ಲೆಕ್ಕ ಬರೆಯಿರಿ. ಕ್ರಿಸ್ಮಸ್ ತಿಂಗಳೂ ಸುಗ್ಗಿ ಹಬ್ಬದ ತಿಂಗಳೂ ಬೇಡ, ಸಾಧಾರಣ ತಿಂಗಳು ಆರಿಸಿ. ರಾತ್ರಿ ನೆನಪಿನಿಂದ ಬರೆದರೆ ಸರಿಬರುವುದಿಲ್ಲ, ಫೋನಿನಲ್ಲಿ ಹೋದ ಸಮಯ ಬಿಟ್ಟುಹೋಗುತ್ತದೆ. ಆಗಾಗ ಬರೆಯಬೇಕು. ಕೊನೆಯಲ್ಲಿ ನಾಲ್ಕು ರಾಶಿ ಮಾಡಿ: ವಾಕ್ಯ ಮತ್ತು ಪ್ರಾರ್ಥನೆ, ಮನೆ ಮತ್ತು ಆಸ್ಪತ್ರೆ ಭೇಟಿ, ಕಲಿಸುವುದು, ಆಡಳಿತ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಅಂದರೆ 48 ಗಂಟೆ. ಅದರಲ್ಲಿ ಪ್ರಸಂಗದ ತಯಾರಿ ಮತ್ತು ಅಧ್ಯಯನಕ್ಕೆ 10, ಆರಾಧನೆ ಮತ್ತು ಪ್ರಾರ್ಥನಾಕೂಟಗಳಿಗೆ 8, ಭೇಟಿಗೆ 12, ಮಕ್ಕಳನ್ನು ಸಭೆಯ ಪೂರ್ಣ ಸದಸ್ಯತ್ವಕ್ಕೆ ತಯಾರು ಮಾಡುವ ದೃಢೀಕರಣ ತರಗತಿಗೂ ಭಾನುವಾರ ಶಾಲೆಯ ಶಿಕ್ಷಕರ ತಯಾರಿಗೂ 4. ಒಟ್ಟು 34. ಆಡಳಿತಕ್ಕೆ 8 ಕೊಡಿ. ಮಿಕ್ಕ 6 ಗಂಟೆ ಸಾವು, ಅಪಘಾತ, ಪೊಲೀಸ್ ಸ್ಟೇಷನ್ನು ಹೀಗೆ ಹೇಳದೆ ಬರುವುದಕ್ಕೆ. ಇದು ಕಟ್ಟುಪಾಡಲ್ಲ, ಹೋಲಿಸಿ ನೋಡಲು ಒಂದು ಅಳತೆ. ಆಡಳಿತ 8ರ ಬದಲು 25 ಬಂದಿದ್ದರೆ ಆ 17 ಗಂಟೆ ಎಲ್ಲಿಂದ ಬಂತು ನೋಡಿ. ಭೇಟಿಯಿಂದ ಬಂದಿರುತ್ತದೆ, ಆಮೇಲೆ ಅಧ್ಯಯನದಿಂದ.

ಭೇಟಿಯ ಲೆಕ್ಕವನ್ನೂ ಹಾಕಿ. ವಾರಕ್ಕೆ ನಾಲ್ಕು ಸಂಜೆ, ಸಂಜೆಗೆ ಮೂರು ಮನೆ ಅಂದರೆ 12 ಮನೆ. 240 ಕುಟುಂಬದ ಸಭೆಯಾದರೆ ಒಂದು ಸುತ್ತು ಮುಗಿಯಲು 20 ವಾರ. ಅಂದರೆ ವರ್ಷಕ್ಕೆ ಎರಡು ಸುತ್ತು ಸಾಧ್ಯ. ಸಂಜೆ ಕಮಿಟಿಗಳಲ್ಲಿ ಕಳೆದು ವಾರಕ್ಕೆ ಮೂರೇ ಮನೆ ಆದರೆ ಅದೇ ಸುತ್ತಿಗೆ 80 ವಾರ. ಅಷ್ಟರಲ್ಲಿ ಒಂದು ಮನೆಯಲ್ಲಿ ಯಜಮಾನ ಕೆಲಸ ಕಳೆದುಕೊಂಡು, ಹುಡುಗಿ ಓದು ಬಿಟ್ಟು, ಅಜ್ಜಿ ಹಾಸಿಗೆ ಹಿಡಿದಿರುತ್ತಾರೆ, ಸಭೆಗೆ ಸುದ್ದಿಯೇ ಇರುವುದಿಲ್ಲ.

ಶಾಲೆ ಇರುವ ಸಭೆಗಳಲ್ಲಿ ಅಯ್ಯನವರೇ ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟರಾಗಿರುವುದುಂಟು. ಮೇ, ಜೂನ್ ತಿಂಗಳಲ್ಲಿ ಪಾರ್ಸನೇಜಿನ ಜಗಲಿ ಸೀಟು ಕೇಳುವವರಿಂದ ತುಂಬಿರುತ್ತದೆ. ಸೀಟು ಸಿಗದ ಸಭಿಕರು ಭಾನುವಾರ ಅದೇ ಮುಖ ನೋಡಿ ಪ್ರಸಂಗ ಕೇಳಬೇಕು. ಕೇಳುತ್ತಾರೆಯೇ? ಪ್ರವೇಶದ ನಿಯಮವನ್ನು ಜನವರಿಯಲ್ಲೇ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಆಯ್ಕೆಯನ್ನು ಮುಖ್ಯೋಪಾಧ್ಯಾಯರೂ ಇಬ್ಬರು ನಿವೃತ್ತ ಶಿಕ್ಷಕರೂ ಇರುವ ಸಮಿತಿಗೆ ಬಿಡಿ. ಅಯ್ಯನವರ ಶಿಫಾರಸು ಪತ್ರಕ್ಕೆ ಬೆಲೆ ಇಲ್ಲ ಎಂದು ಅದೇ ನಿಯಮದಲ್ಲಿ ಬರೆದಿಡಿ. ಇದು ಅಯ್ಯನವರಿಗೆ ಆಗುವ ಅವಮಾನ ಎಂದು ಕೆಲವರು ಹೇಳುತ್ತಾರೆ. ಅದು ಅವರಿಗೆ ಸಿಗುವ ಬಿಡುಗಡೆ.

ಚೆಕ್ಕಿನ ವಿಷಯ. ಬಿಷಪ್ಪರ ಆಡಳಿತ ಪ್ರಾಂತವಾದ ಡಯಾಸಿಸಿನ ನಿಯಮ ಸಭಾಪಾಲಕರ ಸಹಿ ಕೇಳುವುದಾದರೆ ವಾರಕ್ಕೆ ಒಂದೇ ದಿನ, ಬುಧವಾರ ಸಂಜೆ ಒಂದು ಗಂಟೆಯ ಹೊತ್ತು ಎಂದು ಇಡಿ. ಖಜಾಂಚಿ ವೋಚರು, ಬಿಲ್ಲು ಜೋಡಿಸಿ ಅಂದೇ ತರಲಿ. ಸಣ್ಣ ಖರ್ಚಿಗೆ ಕಾರ್ಯದರ್ಶಿಯ ಕೈಯಲ್ಲಿ 5,000 ರೂಪಾಯಿಯಷ್ಟು ಮುಂಗಡ ಇರಲಿ, ಅದರ ಲೆಕ್ಕ ಕೊಟ್ಟ ಮೇಲೆ ಮತ್ತೆ ತುಂಬಿಸಿ.

ಅಜೆಂಡಾಗೆ ಬರೋಣ. ಹಿಂದಿನ ವರದಿ, ಜಮಾ ಖರ್ಚು, ಕಟ್ಟಡ, ಸ್ಮಶಾನ, ಕೋರ್ಟು, ಇತರ ವಿಷಯ. ಸಭೆಯ ಜನರು ಬರುವುದು ‘ಇತರ ವಿಷಯ’ದಲ್ಲಿ, ರಾತ್ರಿ ಒಂಬತ್ತೂವರೆಗೆ, ಇಬ್ಬರು ಎದ್ದು ಹೋದ ಮೇಲೆ. ಈ ಕ್ರಮವನ್ನು ತಿರುವಿಹಾಕಿ. ಎರಡು ಗಂಟೆಯ ಮೀಟಿಂಗಿನಲ್ಲಿ ಮೊದಲ 40 ನಿಮಿಷ ಜನರದು. ಈ ತಿಂಗಳು ಹೊಸದಾಗಿ ಯಾರು ಬಂದರು, ಯಾರು ಬರುವುದು ನಿಂತಿತು, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾವ ಮನೆಯಲ್ಲಿ ಒಲೆ ಉರಿಯುತ್ತಿಲ್ಲ, ಭಾನುವಾರ ಶಾಲೆಗೆ ಎಷ್ಟು ಮಕ್ಕಳು. ಪ್ರತಿಯೊಂದರ ಎದುರಿಗೆ ಯಾರು ಹೋಗುತ್ತಾರೆ, ಯಾವ ದಿನದೊಳಗೆ ಎಂದು ಬರೆಯಿರಿ. ಮುಂದಿನ ಮೀಟಿಂಗು ಆ ಪಟ್ಟಿಯಿಂದಲೇ ತೊಡಗಲಿ. ಆಸ್ತಿಯ ವಿಷಯಕ್ಕೆ 30 ನಿಮಿಷ, ಅದೂ ಉಪಸಮಿತಿ ಬರೆದು ತಂದ ಒಂದು ಪುಟದ ವರದಿಯ ಮೇಲೆ. ವರದಿ ಇಲ್ಲದ ವಿಷಯ ಮುಂದಿನ ತಿಂಗಳಿಗೆ. ಮೊದಲ ಎರಡು ತಿಂಗಳು ಗೊಣಗಾಟ ಇರುತ್ತದೆ, ಯಾಕೆಂದರೆ ಕೆಲವು ಸದಸ್ಯರು ಕಮಿಟಿಗೆ ಬಂದದ್ದೇ ಕಟ್ಟಡಕ್ಕಾಗಿ. ಮೂರನೆಯ ತಿಂಗಳಿಂದ ಅವರೂ ಹೆಸರುಗಳನ್ನು ತರತೊಡಗುತ್ತಾರೆ.

ಬರುವುದು ನಿಂತವರ ವಿಷಯದಲ್ಲಿ ಒಂದು ಮಾತು. ನಮ್ಮಲ್ಲಿ ಚಂದಾ ಬಾಕಿ ಇರುವವರ ಪಟ್ಟಿ ಅಚ್ಚುಕಟ್ಟಾಗಿರುತ್ತದೆ, ಬರುವುದು ನಿಂತವರ ಪಟ್ಟಿ ಇರುವುದಿಲ್ಲ. ಸಭೆಯನ್ನು ಹತ್ತು ಹನ್ನೆರಡು ಮನೆಗಳ ಗುಂಪುಗಳಾಗಿ ಮಾಡಿ ಒಬ್ಬೊಬ್ಬ ಹಿರಿಯರಿಗೆ ಕೊಡಿ. ಸತತ ಮೂರು ಭಾನುವಾರ ಯಾರಾದರೂ ಕಾಣದಿದ್ದರೆ ನಾಲ್ಕನೆಯ ಭಾನುವಾರದೊಳಗೆ ಆ ಹಿರಿಯರು ಮನೆಗೆ ಹೋಗಬೇಕು. ಹೋದಾಗ ಚಂದಾ ರಸೀದಿ ಪುಸ್ತಕ ಒಯ್ಯಬಾರದು, ಇದು ಕಟ್ಟುನಿಟ್ಟು. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಯೌವನಸ್ಥರಿಗೆ ಬರಿಯ ವರ್ಗಾವಣೆ ಪತ್ರ ಸಾಲದು. ಪತ್ರ ಅವರ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹಡ್ಸನ್ ಸ್ಮಾರಕ ದೇವಾಲಯದಂಥ ಕನ್ನಡ ಸಭೆಗಳು ಅಲ್ಲಿವೆ. ಹುಡುಗ ಇರುವ ಬಡಾವಣೆಗೆ ಹತ್ತಿರದ ಕನ್ನಡ ಸಭೆಯ ಸಭಾಪಾಲಕರಿಗೆ ನೀವೇ ಫೋನ್ ಮಾಡಿ, ಹುಡುಗನ ಒಪ್ಪಿಗೆ ಕೇಳಿ ಅವನ ನಂಬರು ಕೊಡಿ, ಒಂದು ತಿಂಗಳ ಮೇಲೆ ಮತ್ತೆ ವಿಚಾರಿಸಿ.

ಲೆಕ್ಕಪತ್ರ. ಕಳೆದ ವರ್ಷದ ಜಮಾ ಖರ್ಚನ್ನು ಮುಂದಿಟ್ಟುಕೊಂಡು ಪ್ರತಿ ಖರ್ಚಿನ ಪಕ್ಕದಲ್ಲಿ ಒಂದು ಗುರುತು ಹಾಕಿ: ವಾಕ್ಯ ಮತ್ತು ಆರಾಧನೆಗೆ, ಬಡವರಿಗೆ, ಕಟ್ಟಡಕ್ಕೆ, ನಮ್ಮದೇ ಸಂಭ್ರಮಕ್ಕೆ. ವಾರ್ಷಿಕೋತ್ಸವದ ಶಾಮಿಯಾನ, ಧ್ವನಿವರ್ಧಕ, ಊಟ, ನೆನಪಿನ ಕಾಣಿಕೆ ಸೇರಿ 3 ಲಕ್ಷ ಆಗಿ, ಭಾನುವಾರ ಶಾಲೆಗೆ 20,000 ಇದ್ದರೆ ಆ ಸಭೆ ತಾನು ಯಾವುದನ್ನು ಮೊದಲು ಎಂದುಕೊಂಡಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಂದೇ ವರ್ಷದಲ್ಲಿ ಎಲ್ಲ ಬದಲಿಸಲು ಹೋಗಬೇಡಿ, ಜಗಳವಾಗುತ್ತದೆ. ಕಾಣಿಕೆಯ ಒಂದು ಪಾಲನ್ನು, ನೂರಕ್ಕೆ ಹತ್ತು ಇರಲಿ, ಬಡವರ ನಿಧಿಗೆ ಎಂದು ಮಹಾಸಭೆಯಲ್ಲಿ ನಿರ್ಣಯ ಮಾಡಿ. ಬೇರೆ ಬ್ಯಾಂಕ್ ಖಾತೆ ತೆರೆದು ಪ್ರತಿ ಸೋಮವಾರ ಅಲ್ಲಿಗೆ ಹಾಕಿ. ವರ್ಷದ ಕೊನೆಗೆ ಉಳಿದರೆ ಕೊಡೋಣ ಅಂದದ್ದು ಎಂದೂ ಉಳಿಯುವುದಿಲ್ಲ.

ಸಮುದಾಯ ಭವನದ ಬಗ್ಗೆ ಕೇಳಿ ಹಲವರು ಚೀಟಿ ಕಳಿಸಿದ್ದೀರಿ. ಸಭೆಯ ಜಾಗದಲ್ಲಿ ಕಲ್ಯಾಣ ಮಂಟಪದಂಥದ್ದು ಕಟ್ಟಿ ಬಾಡಿಗೆಯಿಂದ ಸೇವೆ ಮಾಡೋಣ ಎಂಬ ಯೋಚನೆ. ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಕಟ್ಟುವ ಮೊದಲು ಇಷ್ಟು ನೋಡಿ. ಬಾಡಿಗೆದಾರರಿಗೆ ಬೇಕಾದ ದಿನ ಹೆಚ್ಚಾಗಿ ಭಾನುವಾರ. ಅದೇ ದಿನ ನಿಮ್ಮ ಆರಾಧನೆ, ಭಾನುವಾರ ಶಾಲೆ, ಸ್ತ್ರೀಸಂಘ. ಹಾಗಾಗಿ ಭಾನುವಾರ ಮಧ್ಯಾಹ್ನದವರೆಗೆ ಬಾಡಿಗೆ ಇಲ್ಲ ಎಂದು ಮೊದಲೇ ಬರೆದಿಟ್ಟು, ಆಮೇಲೆ ಆದಾಯದ ಅಂದಾಜು ಮಾಡಿ. ಎಷ್ಟೋ ಯೋಜನೆಗಳ ಲೆಕ್ಕ ಅಲ್ಲೇ ಬಿದ್ದುಹೋಗುತ್ತದೆ. ಧಾರ್ಮಿಕ ಆವರಣದ ಸಭಾಂಗಣಕ್ಕೆ ಇರುವ ಜಿಎಸ್‌ಟಿ ವಿನಾಯಿತಿ ದಿನದ ಬಾಡಿಗೆ 10,000 ರೂಪಾಯಿ ಮುಟ್ಟಿದರೆ ಅನ್ವಯವಾಗುವುದಿಲ್ಲ, ಅದನ್ನು ಲೆಕ್ಕ ಪರಿಶೋಧಕರ ಜತೆ ಕೂತು ನೋಡಿ. ನೀರು, ಕಸ, ಪಾರ್ಕಿಂಗ್, ನೆರೆಯವರ ದೂರು ಯಾರ ಫೋನಿಗೆ ಬರುತ್ತದೆ? ಅಯ್ಯನವರ ಫೋನಿಗೆ ಬರುವುದಾದರೆ ಕಟ್ಟಬೇಡಿ. ಬಾಡಿಗೆ ಹಣ ಬರತೊಡಗಿದ ಮೇಲೆ ಕಾಣಿಕೆ ಇಳಿಯುವುದೂ ಉಂಟು. ಸಭೆಗೆ ನಮ್ಮ ಹಣ ಬೇಡವಲ್ಲ ಎಂದು ಜನರಿಗೆ ಅನಿಸುತ್ತದೆ. ಕೊಡುವುದೂ ಶಿಷ್ಯತ್ವದ ಭಾಗವೇ. ಅದನ್ನು ಕಳೆದುಕೊಂಡ ಸಭೆ ಬಾಡಿಗೆಯಿಂದ ಅದನ್ನು ತುಂಬಿಕೊಳ್ಳಲಾರದು.

ಆರಾಧನಾಲಯವನ್ನೇ ಕಟ್ಟುವುದಾದರೂ ಅಷ್ಟೇ. ಐದು ಮಂದಿಯ ಕಟ್ಟಡ ಸಮಿತಿ, ಪ್ರತ್ಯೇಕ ಖಾತೆ, ಪ್ರತಿ ದೊಡ್ಡ ಖರೀದಿಗೆ ಮೂರು ಕೊಟೇಶನ್. ಅಂದಾಜಿನ ಮೇಲೆ ನೂರಕ್ಕೆ ಇಪ್ಪತ್ತು ಹೆಚ್ಚು ಹಿಡಿಯಿರಿ, ಅರ್ಧ ಹಣ ಕೈಗೆ ಬರುವ ತನಕ ಹಳೆಯದನ್ನು ಕೆಡವಬೇಡಿ. ಸಮಿತಿಯ ಸದಸ್ಯರ ಸಂಬಂಧಿಕರು ಗುತ್ತಿಗೆ ಹಿಡಿಯಬಾರದು. ಪ್ರಸಂಗಪೀಠದಿಂದ ಸಿಮೆಂಟಿನ ಮನವಿ ಬೇಡ, ಅದಕ್ಕೆ ಪ್ರಕಟಣೆಯ ಸಮಯವಿದೆ. ಎರಡು ವರ್ಷ ಪ್ರತಿ ಭಾನುವಾರ ಕಟ್ಟಡದ ಮಾತೇ ಕೇಳಿದ ಮಕ್ಕಳಿಗೆ ಸಭೆ ಅಂದರೆ ಕಟ್ಟಡವೇ ಆಗಿಬಿಡುತ್ತದೆ.

ವಿದೇಶೀ ದೇಣಿಗೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ನೂರಕ್ಕೆ 50 ಇದ್ದದ್ದು 20ಕ್ಕೆ ಇಳಿದಿದೆ. ಸಂಬಳಕ್ಕೆ ಆ ಹಣವನ್ನೇ ನಂಬಿದ್ದ ಎಷ್ಟೋ ಕೆಲಸಗಳಿಗೆ ಇದರಿಂದ ಪೆಟ್ಟಾಗುತ್ತದೆ. ಕಾನೂನಿನ ಪಾಲನೆಯನ್ನು ಸಂಬಳ ಕೊಟ್ಟು ಒಬ್ಬ ಲೆಕ್ಕಿಗರಿಗೆ ಒಪ್ಪಿಸಿ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ದಾನಿ ಸಂಸ್ಥೆ ಈ ವರ್ಷ ಯಾವ ವಿಷಯಕ್ಕೆ ಹಣ ಕೊಡುತ್ತದೆ ಎಂದು ನೋಡಿ ಸೇವೆಯನ್ನು ರೂಪಿಸುವುದು. ನಿಮ್ಮ ಕೇರಿಯಲ್ಲಿ ಕುಡಿತದಿಂದ ಮನೆ ಮುರಿಯುತ್ತಿರುವಾಗ ದಾನಿಗೆ ಬೇಕೆಂದು ಬೇರೇನೋ ತರಬೇತಿ ಶಿಬಿರ ನಡೆಸುವುದು ಸೇವೆಯಲ್ಲ.

ನಾಯಕರ ಆಯ್ಕೆಯನ್ನು ಹೇಳದೆ ಇದು ಪೂರ್ತಿಯಾಗದು. ಚುನಾವಣೆಯ ವರ್ಷದಲ್ಲಿ ನಮ್ಮ ಸಭೆಗಳಲ್ಲಿ ಗುಂಪುಗಳಾಗುತ್ತವೆ, ಪ್ಯಾನೆಲ್ಲುಗಳಾಗುತ್ತವೆ, ಆಮೇಲೆ ಕೋರ್ಟಿಗೂ ಹೋಗುತ್ತವೆ. ಪೌಲನು ತಿಮೊಥೆಗೆ ಬರೆದ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಪಟ್ಟಿ ಇದೆ: ಹಣದಾಸೆ ಇಲ್ಲದವನು, ಜಗಳಗಂಟಿಯಲ್ಲದವನು, ತನ್ನ ಮನೆಯನ್ನು ಚೆನ್ನಾಗಿ ನಡೆಸುವವನು, ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಪಡೆದವನು. ಸಭಾಸೇವಕರು ಮೊದಲು ಪರೀಕ್ಷಿಸಲ್ಪಡಲಿ ಎಂದೂ ಇದೆ. ಈ ಪರೀಕ್ಷೆಯನ್ನು ನಾವು ನಡೆಸುವುದೇ ಇಲ್ಲ. ಡಯಾಸಿಸಿನ ನಿಯಮಕ್ಕೆ ಅಡ್ಡಿಯಿಲ್ಲದಂತೆ ಒಂದು ಪದ್ಧತಿ ಹಾಕಿಕೊಳ್ಳಬಹುದು: ಹಿಂದಿನ ವರ್ಷದಲ್ಲಿ ಕನಿಷ್ಠ ಆರು ತಿಂಗಳು ಭಾನುವಾರ ಶಾಲೆ, ಆಸ್ಪತ್ರೆ ಭೇಟಿ, ಬಡವರ ನಿಧಿ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ದುಡಿದವರನ್ನೇ ನಾಮಪತ್ರಕ್ಕೆ ಸೂಚಿಸೋಣ ಎಂದು ಸಭೆ ಒಪ್ಪಿಕೊಳ್ಳಲಿ. ಸೇವೆಯ ರುಚಿ ಕಂಡವರು ಕಮಿಟಿಗೆ ಬಂದರೆ ಅಜೆಂಡಾ ತಾನಾಗಿ ತಿರುಗುತ್ತದೆ. ಕೇಸು ಈಗಾಗಲೇ ಕೋರ್ಟಿನಲ್ಲಿದ್ದರೆ ವಕೀಲರ ಜತೆ ಮಾತಾಡಲು ಒಬ್ಬರನ್ನೇ ನೇಮಿಸಿ. ಕಮಿಟಿಗೆ ತಿಂಗಳಿಗೆ ಹತ್ತು ನಿಮಿಷದ ವರದಿ ಸಾಕು. ಎದುರು ಪಕ್ಷದವರೂ ಅದೇ ಕರ್ತನ ಭೋಜನದ ಸಂಸ್ಕಾರಕ್ಕೆ ಬರುವವರು, ಅವರ ಮನೆಗೂ ಅಯ್ಯನವರು ಭೇಟಿಗೆ ಹೋಗಬೇಕು.

ಎಫೆಸದ ಸಭೆಯ ಬಗ್ಗೆ ಪ್ರಕಟನೆ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಬರುವ ಪತ್ರ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುತ್ತದೆ. ಪ್ರಯಾಸಪಟ್ಟಿದ್ದಾರೆ, ತಾಳಿಕೊಂಡಿದ್ದಾರೆ, ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿ ಕಂಡುಹಿಡಿದಿದ್ದಾರೆ. ವಾರ್ಷಿಕ ವರದಿಯಲ್ಲಿ ಎಲ್ಲ ಸರಿಯಾಗಿದೆ. ಮೊದಲಿನ ಪ್ರೀತಿಯನ್ನು ಬಿಟ್ಟಿದ್ದಾರೆ. ಅಲ್ಲಿ ಕೊಟ್ಟ ಮದ್ದು ಮೂರು ಮಾತಿನದು: ಎಲ್ಲಿಂದ ಬಿದ್ದೆ ಎಂದು ನೆನಪಿಸಿಕೋ, ತಿರುಗಿಕೋ, ಮೊದಲಿನ ಕೆಲಸಗಳನ್ನು ಮಾಡು.

ಕೊನೆಯದಾಗಿ ವರ್ಗಾವಣೆ. ಸಭಾಪಾಲಕರು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಮೇಲೆ ಹೇಳಿದ್ದೆಲ್ಲ ಅವರ ಜತೆಗೇ ಹೊರಟುಹೋಗುವುದೂ ಉಂಟು. ಈಗ ಹಸ್ತಾಂತರ ಮಾಡುವಾಗ ಕೊಡುವುದು ಬೀಗದ ಕೈ, ರಿಜಿಸ್ಟರುಗಳು, ಪಾಸ್‌ಬುಕ್ಕು, ಆಸ್ತಿಯ ಪಟ್ಟಿ. ಅದರ ಜತೆಗೆ ನಾಲ್ಕೈದು ಪುಟದ ಇನ್ನೊಂದು ಬರಹ ಕೊಡಿ. ಹಾಸಿಗೆ ಹಿಡಿದವರು ಯಾರು, ಮನೆಯಲ್ಲೇ ಕರ್ತನ ಭೋಜನ ಕೊಡಬೇಕಾದವರು ಯಾರು, ದೃಢೀಕರಣಕ್ಕೆ ತಯಾರಾಗುತ್ತಿರುವ ಮಕ್ಕಳು ಎಷ್ಟು ಮಂದಿ, ಎಲ್ಲಿಯವರೆಗೆ ಪಾಠವಾಗಿದೆ, ದೂರವಾಗಿರುವ ಕುಟುಂಬಗಳು ಯಾವುವು, ಯಾವ ಹಿರಿಯರಿಗೆ ಯಾವ ಮನೆಗಳು, ಬಡವರ ನಿಧಿಯಿಂದ ತಿಂಗಳು ತಿಂಗಳು ಪಡೆಯುತ್ತಿರುವವರು ಯಾರು. ಗುಟ್ಟಿನಲ್ಲಿ ಹೇಳಿಕೊಂಡ ಮಾತುಗಳನ್ನು ಅದರಲ್ಲಿ ಬರೆಯಬೇಡಿ. ಬರಹ ಮುಚ್ಚಿದ ಲಕೋಟೆಯಲ್ಲಿ ಹೊಸಬರ ಕೈಗೇ ಹೋಗಲಿ, ಕಮಿಟಿಗೆ ಬೇಡ. ಸಾಧ್ಯವಾದರೆ ಇಬ್ಬರು ಅಯ್ಯನವರೂ ಒಂದು ದಿನ ಜತೆಯಾಗಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬನ್ನಿ. ಬೀಗದ ಕೈ ಕೊಡುವುದು ಅದಾದ ಮೇಲೆ.